ಎರಡನೇ ಬ್ರೇಕು

ಮಾಸ್ತರರ ಹೆಸರು ಢಮಾಳೆ.
ಹೆಸರು ಕೇಳಿದ್ದಕ್ಕನ ನನ್ನ ಎದಿ ಢಮ್ ಅಂದಿತ್ತು.
ಬೆಳಿಗ್ಗೆ ಆರಕ್ಕ, ವಡಗಾಂವದ ಪೆಟ್ರೋಲ್ ಪಂಪಿನ ಮುಂದ
ಕೆಂಪು ಎಲ್ ಬರದ ಹಳೇ ವ್ಯಾಗನಾರ್,
ಅದರಾಗ ಐವತ್ತಮೂರು ವರ್ಷದ ನಾನು,
ನನ್ನ ಕಾಲಾಗ ಮಗಳ ಬೂಟು.

ಆ ಗಾಡಿಗೆ ಬ್ರೇಕು ಎರಡು.
ಒಂದು ನನ್ನ ಕಾಲಬುಡಕ, ಇನ್ನೊಂದು ಅವರ ಕಾಲಬುಡಕ.
"ಘಾಬರಿ ಆಗಬ್ಯಾಡ್ರಿ ಕಾಕೂ, ನಾ ಇದ್ದೀನಿ"
ಅಂತ ಮರಾಠಿಯೊಳಗ ಅಂದು
ಚಹಾದ ಕಪ್ಪು ಮುಂದ ಇಟ್ಟುಕೊಂಡರು.
ಮೊದಲನೇ ದಿನಾನ ಅದನ್ನ ಅವರ ಪ್ಯಾಂಟಿಗೆ ಕುಡಿಸಿದೆ.

ನನ್ನ ಬಾಯಿ ಸುಮ್ಮನಿರೂದಿಲ್ಲ.
ಕ್ಲಚ್ ಬಿಡೂಮುಂದ: ಆತು, ಮುಗೀತು.
ಗೇರ್ ಹಾಕೂಮುಂದ: ಇಕಿ ಕೈಲೆ ಏನಾಗತದ.
ರಿಕ್ಷಾ ಅಡ್ಡ ಬಂದ್ರ: ಸತ್ತೆ.
ರಿಕ್ಷಾ ದಾಟಿ ಹೋದ ಮ್ಯಾಲೂ: ಸತ್ತೆ.
ಢಮಾಳೆ ಸರ್‌ಗೆ ಕನ್ನಡ ಬರೂದಿಲ್ಲ,
ನಾ ಏನೋ ಸ್ತೋತ್ರ ಹೇಳತೀನಿ ಅಂತ ತಿಳಿದಿದ್ದರು.
ಸ್ತೋತ್ರಾನ ಅದು.
ನಲವತ್ತು ವರ್ಷ ಒಂದು ದಿನ ತಪ್ಪಿಸಿಲ್ಲ,
ಫಲಶ್ರುತಿನೂ ಸಿಕ್ಕದ.
ಬ್ಯಾಂಕಿನ ಪರೀಕ್ಷಾದ ಫಾರ್ಮು ತುಂಬಿ, ಕಪಾಟದಾಗ ಇಟ್ಟೆ.
ಮಹಿಳಾ ಮಂಡಳದಾಗ ಮೈಕು ಕೈಗೆ ಬಂತು,
ಬಿಸಿ ಬೋಗುಣಿ ಹಂಗ ಬಾಜೂದಾಕಿಗೆ ದಾಟಿಸಿದೆ.
ಯಾರೂ ಬ್ಯಾಡ ಅಂದಿದ್ದಿಲ್ಲ.

ಯಾರ ಧ್ವನಿ ಇದು, ಅಂತ ಒಂದು ರಾತ್ರಿ ಹುಡುಕಿದೆ.
ಅವ್ವಂದೇನು? ಅಕಿಗೆ ಬೈಲಿಕ್ಕೆ ಪುರಸೊತ್ತೆಲ್ಲಿತ್ತು.
ಅತ್ತಿ ಬೈದದ್ದೆಲ್ಲಾ ಉಪ್ಪಿನ ಸಲುವಾಗಿ.
ಗಂಡ ಪೇಪರಿನ ಹಿಂದಿನಿಂದ
"ಕಲಿ, ಅದಕ್ಕೇನು" ಅಂದವರು.
ಇಂಡಿಯೊಳಗ, ಆರನೇತ್ತಾದಾಗ, ಗಣಿತದ ಮಾಸ್ತರರು
ಒಂದಽ ಒಂದು ಸಲ ಅಂದಿದ್ದರು:
ಇಕಿ ಕೈಲೆ ಏನಾಗತದ.
ಅದೂ ನನಗಲ್ಲ,
ನನ್ನ ಬಾಜೂಕ ಕೂತ ಶಂಕ್ರೆವ್ವಗ.
ಅಕಿ ಅಲ್ಲೇ ಝಾಡಿಸಿ ಎದ್ದು ಹೋದಳು.
ಬಿದ್ದದ್ದನ್ನ ನಾ ಆರಿಸಿಕೊಂಡು ಮನಿಗೆ ತಂದೆ.

ಹದಿನೇಳನೇ ದಿನ, ಮ್ಹಾತ್ರೆ ಪುಲ್ಲಿನ ನಟ್ಟನಡುವ
ಗಾಡಿ ನಿಂತಬಿಡ್ತು.
ಹಿಂದ ಬಸ್ಸು, ಬಸ್ಸಿನ ಹಿಂದ ಇಡೀ ಪುಣೆ ಹಾರ್ನು ಹೊಡೀತಿತ್ತು.
"ನೀವಽ ಬ್ರೇಕ್ ಒತ್ತಿದ್ರಿ" ಅಂದೆ ಸಿಟ್ಟಿಲೆ.
ಢಮಾಳೆ ಸರ್ ಮಾತಾಡಲಿಲ್ಲ.
ಕೆಳಗ ನೋಡಿದೆ.
ಚಪ್ಪಲಿ ಬಿಚ್ಚಿ, ಸೀಟಿನ ಮ್ಯಾಲ
ಊಟಕ್ಕ ಕೂತವರಂಗ ಚಕ್ಕಳಮಕ್ಕಳ ಹಾಕಿದ್ದರು.
"ಎಂಟು ದಿನ ಆತು ಕಾಕೂ, ನಾ ಅದನ್ನ ಮುಟ್ಟಿಲ್ಲ."

ಬಾಯಿ ಮುಚ್ಚಿಕೊಂಡು ಹೊಡೀಲಿಕ್ಕೆ ನನ್ನ ಕೈಲೆ ಆಗೂದಿಲ್ಲ.
(ನೋಡ್ರಿ, ಮತ್ತ ಬಂತು.)
ಅದಕ್ಕ, ಬಾಯಿಗೆ ಬ್ಯಾರೆ ಕೆಲಸ ಹಚ್ಚಿದೆ:
ತೀರ್ಪು ಬ್ಯಾಡ, ಕಂಡದ್ದಷ್ಟ ಹೇಳು.
ಈಗ ಕ್ಲಚ್ಚು. ಈಗ ಎರಡನೇ ಗೇರು.
ಈಗ ಮೆಂತೆಪಲ್ಯದ ಕೈಗಾಡಿ.
ಈಗ ನಾಯಿ, ಅದು ದಾಟಲಿ.
ಈಗ ನದಿ.
ಇಪ್ಪತ್ತಾರು ವರ್ಷ ಈ ಪುಲ್ಲು ದಾಟೀನಿ,
ಬಸ್ಸಿನ ಕಿಡಕಿಗೆ ತಲಿ ಹಚ್ಚಿ
ಮನಿ ಕೀಲಿ ಹಾಕಿದ್ನೋ ಇಲ್ಲೋ ಅಂತ ನನ್ನನ್ನ ನಾನಽ ಬೈಕೋತ.
ಕೆಳಗ ಮುಠಾ ಹರೀತದ,
ಬ್ಯಾಸಗಿಯೊಳಗ ನಾರತದ, ಅದೂ ಖರೆ,
ಆದ್ರ ಈಗ ನದಿ ಅಂತ ಒಮ್ಮೆನೂ ಅಂದಿದ್ದಿಲ್ಲ.

ಎಲ್ಲಾ ಸುಧಾರಿಸ್ತು ಅಂತ ತಿಳೀಬ್ಯಾಡ್ರಿ.
ಒಗ್ಗರಣಿ ಹೊತ್ತಿದ್ರ ಇನ್ನೂ "ಹುಚ್ಚಿ" ಅಂತದ ಒಳಗ.
ಲೈಸೆನ್ಸಿನ ಫೋಟೋದಾಗ
ಕಳವು ಮಾಡಿ ಸಿಕ್ಕಬಿದ್ದಾಕಿ ಹಂಗ ನಿಂತೀನಿ.

ನಿನ್ನೆ ಒಬ್ಬಾಕಿನ ವಾರಜೆತನಕ ಹೋದೆ,
ಜ್ವಾಳ ಬೀಸಿಸಿಕೊಂಡು ಬರಲಿಕ್ಕೆ.
ಅರ್ಧ ದಾರ್ಯಾಗ ಏನೋ ಸುಟ್ಟ ವಾಸನಿ.
ಹಿಟ್ಟಿನ ಗಿರಣಿ ಇನ್ನೂ ದೂರ ಇತ್ತು.
ಹಳೇ ಬಾಯಿ ತಗೀತು,
ಹ... ಅಂತ ಸುರು ಆತು.
ಹ್ಯಾಂಡ್‌ಬ್ರೇಕು, ಅಂದೆ.
ಇಳಿಸಿದೆ.